ಹಿಂದಿನ ಗಾಜಿನ ವೈಪರು: ಐದು ನಿಮಿಷದ ಕೆಲಸ, ಮೂರು ವಾರದ ಉದಾಸೀನ

ನಮ್ಮ ವಾಚಕರಲ್ಲಿ ಬಹುಮಂದಿ ಹೋಟೆಲುಗಳಲ್ಲಿ ದುಡಿಯುವವರು. ಉಳಿದವರು ಕಚೇರಿಗಳಲ್ಲಿ ಲೆಕ್ಕಪತ್ರ ಬರೆಯುವವರು. ಇಂತಹವರ ಮುಂದೆ ಮೋಟಾರು ಕಾರಿನ ವಿಷಯವನ್ನೆತ್ತುವುದು ಹಸಿದವರ ಮುಂದೆ ಮದುವೆಯೂಟದ ವರ್ಣನೆ ಮಾಡಿದಂತಲ್ಲವೇ ಎಂದು ಯಾರಾದರೂ ಕೇಳಿಯಾರು. ಆದರೆ ಕಾಲವು ಬದಲಾಗಿದೆ. ಬ್ಯಾಂಕಿನ ಸಾಲದ ಬಲದಿಂದ ಒಂದು ಹಳೆಯ ಸಣ್ಣ ಕಾರನ್ನು ಕೊಂಡು, ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳೊಡನೆ ಊರಿಗೆ ಹೋಗಿಬರುವ ಗುಮಾಸ್ತರು ನಮ್ಮಲ್ಲಿ ಅಪರೂಪವಲ್ಲ. ಹೋಟೆಲಿನ ಹಾಲು, ತರಕಾರಿ, ಊಟದ ಪಾತ್ರೆಗಳನ್ನು ಸಾಗಿಸುವುದಕ್ಕಾಗಿ ಧಣಿಗಳ ಕಾರನ್ನು ನಡೆಸುವವರಂತೂ ಅನೇಕರಿದ್ದಾರೆ. ಗಾಡಿ ಯಾರ ಹೆಸರಿನಲ್ಲಿದ್ದರೂ ಚಕ್ರ ಹಿಡಿಯುವ ಕೈ ನಮ್ಮದೇ. ಆದಕಾರಣ ಆ ಕೈಗೆ ತಿಳಿದಿರಬೇಕಾದ ಒಂದು ಸಣ್ಣ ಕೆಲಸವನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದು ನಾವು ಬಯಸಿದ್ದೇವೆ. ಅದು ಕಾರಿನ ಹಿಂದಿನ ಗಾಜನ್ನು ಒರೆಸುವ ವೈಪರಿನ ಬ್ಲೇಡನ್ನು ಮನೆಯಲ್ಲಿಯೇ ಬದಲಿಸಿಕೊಳ್ಳುವ ಬಗೆ.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯಲ್ಲಿ ಇಷ್ಟು ಸ್ಥಳವೇ ಎನ್ನುವವರಿಗೆ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ.

ಮುಂಜಾನೆಯ ಒಂದು ಘಟನೆ

ಕೆಲವು ವರ್ಷಗಳ ಹಿಂದೆ, ನಾವು ಇನ್ನೂ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲ. ನಮ್ಮಲ್ಲಿ ಮಾಣಿಯಾಗಿ ಸೇರಿ, ಮುಂದೆ ವಾಹನ ನಡೆಸಲು ಕಲಿತು, ಸಾಮಾನು ತರುವ ಹೊಣೆ ಹೊತ್ತಿದ್ದ ಕುಂದಾಪುರದ ಕಡೆಯ ತರುಣನೊಬ್ಬನಿದ್ದ. ಐಪ್ಪಸಿಯ ಮಳೆ ಹಿಡಿಯುವ ಮುನ್ನವೇ ಅವನು ಗಲ್ಲದ ಬಳಿ ಬಂದು, "ಧಣಿಗಳೇ, ಹಿಂದಿನ ವೈಪರಿನ ರಬ್ಬರು ಸೀಳಿಹೋಗಿದೆ. ಒರೆಸಿದರೆ ಗಾಜು ಇನ್ನೂ ಮಸುಕಾಗುತ್ತದೆ" ಎಂದು ಹೇಳಿದ್ದ. ನಾವು ಚಿಲ್ಲರೆ ಎಣಿಸುತ್ತಿದ್ದೆವು. "ಮುಂದಿನದು ಸರಿಯಾಗಿದೆಯಲ್ಲ? ಹಿಂದೆ ನೋಡಿಕೊಂಡು ಯಾರು ಗಾಡಿ ಬಿಡುತ್ತಾರೆ ಮಾರಾಯಾ!" ಎಂದೆವು. ಮರುವಾರ ಅವನು ಮತ್ತೆ ಕೇಳಿದ, ನೋಡೋಣ ಎಂದೆವು. ಮೂರನೆಯ ವಾರವೂ ಕೇಳಿದ; ದೀಪಾವಳಿಯ ಗಲಾಟೆ ಮುಗಿಯಲಿ ಎಂದೆವು.

ಒಂದು ದಿನ ಬೆಳಗಿನ ಐದು ಗಂಟೆ. ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ಹಾಲಿನ ಕ್ಯಾನುಗಳನ್ನು ಇಳಿಸುವುದಕ್ಕಾಗಿ ಅವನು ಹೋಟೆಲಿನ ಹಿಂದಣ ಇಕ್ಕಟ್ಟಾದ ಗಲ್ಲಿಯಲ್ಲಿ ಕಾರನ್ನು ಹಿಮ್ಮುಖವಾಗಿ ತರುತ್ತಿದ್ದ. ಅದೇ ಹೊತ್ತಿಗೆ, ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಬೈಂದೂರಿನ ಹಿರಿಯರೊಬ್ಬರು ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಕಸದ ಬುಟ್ಟಿಯನ್ನು ಹೊರಗಿಡಲು ಬಂದರು. ಮಳೆಯ ಸದ್ದಿನಲ್ಲಿ ಅವರಿಗೆ ಕಾರಿನ ಸದ್ದು ಕೇಳಿಸಲಿಲ್ಲ. ಮಸುಕು ಗಾಜಿನಲ್ಲಿ ಇವನಿಗೆ ಅವರು ಕಾಣಿಸಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ಭಟ್ಟರು ಕೂಗಿಕೊಂಡ ಕಾರಣ ಕಾರು ನಿಂತಿತು. ಕಾರಿಗೂ ಗೋಡೆಗೂ ನಡುವೆ ಆ ಮುದುಕರು, ಅವರ ಎದೆಗೂ ಕಾರಿಗೂ ನಡುವೆ ಒಂದು ಗೇಣು.

ನಾವು ಓಡಿಬಂದು ಮಾಡಿದ ಮೊದಲ ಕೆಲಸವೆಂದರೆ ಆ ತರುಣನನ್ನು ಬೈದದ್ದು. "ನಿನ್ನ ಕಣ್ಣು ಎಲ್ಲಿತ್ತು?" ಎಂದು ಕೇಳಿದೆವು. ಅವನು ನಡುಗುತ್ತಲೇ, "ಕಣ್ಣು ಇಲ್ಲಿಯೇ ಇತ್ತು ಧಣಿಗಳೇ. ಗಾಜಿನಲ್ಲಿ ಏನೂ ಕಾಣಲಿಲ್ಲ. ಮೂರು ಸಲ ಹೇಳಿದ್ದೆ" ಎಂದ. ಹಿರಿಯರು, "ಹೋಗಲಿ ಬಿಡಿ ಧಣಿ, ಏನೂ ಆಗಲಿಲ್ಲವಲ್ಲ" ಎಂದು ಹೇಳಿ ಪಾತ್ರೆಯ ಬಳಿಗೆ ಹೊರಟುಹೋದರು. ಅವರು ನಡೆದುಹೋದ ರೀತಿಯನ್ನು ನಾವು ಇಂದಿಗೂ ಮರೆತಿಲ್ಲ. ಏನಾದರೂ ಆಗಿದ್ದಲ್ಲಿ ಪೊಲೀಸು ಠಾಣೆಗೆ ಹೋಗುತ್ತಿದ್ದವನು ಆ ತರುಣ. ಊರಿನಲ್ಲಿ ಅನಾಥವಾಗುತ್ತಿದ್ದದ್ದು ಆ ಮುದುಕರ ಮನೆ. ತಪ್ಪು ಮಾತ್ರ ಗಲ್ಲದ ಮೇಲೆ ಕುಳಿತವರದು.

ಅದೇ ದಿನ ಕಾರನ್ನು ನಗರದ ಒಂದು ದುರಸ್ತಿಯ ಅಂಗಡಿಗೆ ಕಳುಹಿಸಿದೆವು. ಅಲ್ಲಿನವರು ಕೈಕಡ್ಡಿ, ಮೋಟಾರು ಎಲ್ಲವನ್ನೂ ಬದಲಿಸಬೇಕೆಂದು ಹೇಳಿ ಹಲವು ಸಾವಿರ ರೂಪಾಯಿಗಳ ಲೆಕ್ಕ ಕೊಟ್ಟರು. ನಮ್ಮ ತರುಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಣ್ಣಾ ಸಾಲೈಗೆ ಸೇರುವ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಸಾಲಾಗಿ ಕಾರಿನ ಸಾಮಾನಿನ ಅಂಗಡಿಗಳಿರುವುದನ್ನು ಚೆನ್ನೈಯಲ್ಲಿ ಅರಿಯದವರು ಕಡಿಮೆ. ಅವನು ಹಳೆಯ ಬ್ಲೇಡನ್ನು ಹಿಡಿದು ಅಲ್ಲಿಗೆ ಹೋಗಿ, ಮುನ್ನೂರು ರೂಪಾಯಿಗಳ ಒಳಗೆ ಹೊಸದನ್ನು ತಂದು, ಹೋಟೆಲಿನ ಮುಂದೆಯೇ ಐದು ನಿಮಿಷಗಳಲ್ಲಿ ಜೋಡಿಸಿದ. ಗಾಜು ಕನ್ನಡಿಯಂತಾಯಿತು. ನಾವು ಪಕ್ಕದಲ್ಲಿ ನಿಂತು ಕಲಿತೆವು. ಅಂದು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಹಿಂದಿನ ಗಾಜಿಗೆ ವೈಪರು ಏಕೆ?

ಹಿಂದಿನ ಗಾಜಿನ ಮೇಲೆ ಮಳೆ ನೇರವಾಗಿ ಬಡಿಯುವುದಿಲ್ಲ. ಹೀಗಿರುವಾಗ ಅಲ್ಲಿಗೆ ವೈಪರು ಏತಕ್ಕೆ ಎಂಬ ಸಂಶಯ ಸಹಜವೇ. ನಮ್ಮ ಹಿರಿಯ ವಾಚಕರು 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ಆರಂಭವಾದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲನ್ನು ನೆನೆದುಕೊಳ್ಳಲಿ. 2008ರಲ್ಲಿ ಅದು ಮುಚ್ಚಿ, ಇಂದು ಆ ಸ್ಥಳದಲ್ಲಿ ಸೆಮ್ಮೊೞಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಮರದ ನೆರಳಿನಲ್ಲಿ ನಿಂತ ಕಾರುಗಳ ಕಿಟಕಿಗೇ ತಟ್ಟೆಯನ್ನು ಸಿಕ್ಕಿಸಿ ಕಾಫಿ ತಿಂಡಿ ಒದಗಿಸಿದ ಕೈಗಳಲ್ಲಿ ನಮ್ಮವರ ಕೈಗಳು ಎಷ್ಟೋ! ಅವರು ಅಂದು ಕಂಡ ಅಂಬಾಸಿಡರು, ಫಿಯಟ್ಟು, ಈ ನಗರದಲ್ಲಿಯೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವೆಲ್ಲಕ್ಕೂ ಹಿಂದೆ ಡಿಕ್ಕಿ ಹೊರಚಾಚಿತ್ತು. ಗಾಜು ಅದರ ಮೇಲೆ ಓರೆಯಾಗಿ ಮಲಗಿತ್ತು. ಗಾಡಿ ಓಡುವಾಗ ಮಾಳಿಗೆಯ ಮೇಲಿಂದ ಬರುವ ಗಾಳಿ ಆ ಓರೆಯ ಗಾಜನ್ನು ಸವರಿಕೊಂಡು ಹರಿದು ನೀರಿನ ಬಹುಪಾಲನ್ನು ಒಯ್ಯುತ್ತಿತ್ತು. ಅಂತಹ ಗಾಡಿಗೆ ಹಿಂದಿನ ವೈಪರು ಅಷ್ಟಾಗಿ ಬೇಕಿರಲಿಲ್ಲ.

ಇಂದಿನ ಸಣ್ಣ ಕಾರುಗಳ ಆಕಾರವೇ ಬೇರೆ. ಚೆನ್ನೈಯ ಬಳಿಯ ಇರುಂಗಾಟ್ಟುಕೋಟ್ಟೈಯ ಹ್ಯುಂಡೈ ಕಾರ್ಖಾನೆಯಿಂದ 1998ರಲ್ಲಿ ಹೊರಬಂದ ಸ್ಯಾಂಟ್ರೋ ಮೊದಲಾಗಿ, ಬಾಲ ಕತ್ತರಿಸಿದಂತಹ ಕಾರುಗಳು ಬೀದಿಗಳನ್ನು ತುಂಬಿವೆ. ಇವುಗಳ ಹಿಂಭಾಗ ಗೋಡೆಯಂತೆ ನೆಟ್ಟಗಿರುತ್ತದೆ. ಗಾಡಿ ಮುಂದೆ ಧಾವಿಸಿದಂತೆ ಗಾಳಿಯು ಮಾಳಿಗೆಯ ಅಂಚಿನಲ್ಲಿ ಕಡಿದುಹೋಗಿ, ಹಿಂದೆ ಸುಳಿಯಾಗಿ ತಿರುಗುತ್ತದೆ. ಚಕ್ರಗಳು ಎಬ್ಬಿಸಿದ ಕೆಸರುನೀರಿನ ತುಂತುರನ್ನು ಆ ಸುಳಿಯು ಎತ್ತಿ ತಂದು ಹಿಂದಿನ ಗಾಜಿಗೆ ಬಳಿಯುತ್ತದೆ. ಆದಕಾರಣವೇ ಇಂತಹ ಕಾರುಗಳಿಗೆ ಹಿಂದೆಯೂ ವೈಪರನ್ನು ಇಡುವುದು ವಾಡಿಕೆ. ಆದರೆ ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಇಲ್ಲದಿರುವುದೂ ಉಂಟು. ಹೊಸ ಕಾರುಗಳಲ್ಲಿ ಹಿಂದೆ ಕ್ಯಾಮೆರಾ ಇರುವುದೇನೋ ನಿಜ. ಆದರೆ ಮಳೆಯ ಹನಿ ಕ್ಯಾಮೆರಾದ ಕಣ್ಣಿನ ಮೇಲೂ ಕೂರುತ್ತದೆಂಬುದನ್ನು ಮರೆಯಕೂಡದು.

ವೈಪರು ಹುಟ್ಟಿದ ಕಥೆಯೂ ನಮ್ಮ ಕಥೆಯನ್ನು ಒಂದಿಷ್ಟು ಹೋಲುತ್ತದೆ. ಅಮೆರಿಕದ ಅಲಬಾಮಾ ಸಂಸ್ಥಾನದ ಮೇರಿ ಆಂಡರ್ಸನ್ ಎಂಬ ಮಹಿಳೆ ಚಳಿಗಾಲದಲ್ಲಿ ನ್ಯೂಯಾರ್ಕಿನ ಟ್ರಾಂ ಗಾಡಿಯಲ್ಲಿ ಹೋಗುತ್ತಿದ್ದಾಗ, ಹಿಮಮಳೆಯಿಂದ ಗಾಜು ಮುಚ್ಚಿಹೋಗಿ ಚಾಲಕನು ದಾರಿ ಕಾಣದೆ ಒದ್ದಾಡುವುದನ್ನು ಕಂಡಳು. ಒಳಗಿನಿಂದಲೇ ಕೈಯಿಂದ ತಿರುಗಿಸಬಹುದಾದ, ರಬ್ಬರಿನ ಅಂಚುಳ್ಳ ಒರೆಸುಗೋಲೊಂದನ್ನು ಯೋಚಿಸಿ, 1903ನೆಯ ಇಸವಿ ನವೆಂಬರ್ 10ರಂದು 743,801 ಸಂಖ್ಯೆಯ ಪೇಟೆಂಟನ್ನು ಪಡೆದಳು. ಕೆನಡಾದ ಒಂದು ಸಂಸ್ಥೆಗೆ ಅದನ್ನು ಮಾರಲು ಹೋದಾಗ, ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಬೆಲೆಯಿಲ್ಲವೆಂದು ಅವರು ತಿರಸ್ಕರಿಸಿದರು. ಇಂದು ವೈಪರಿಲ್ಲದ ಕಾರು ಲೋಕದಲ್ಲಿಲ್ಲ. ನಮ್ಮ ದೇಶದಲ್ಲಿಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಗಾಜಿಗೆ ಅದು ಇರಲೇಬೇಕು. ಈ ನಗರದ ಪಾಡಿಯಲ್ಲಿ 1961ರಲ್ಲಿ ಸ್ಥಾಪನೆಯಾದ ಲ್ಯೂಕಾಸ್-ಟಿವಿಎಸ್ ಕಾರ್ಖಾನೆ ವೈಪರಿನ ಮೋಟಾರುಗಳನ್ನು ತಯಾರಿಸುತ್ತ ಬಂದಿದೆ. ಕಣ್ಣಾರೆ ಕಂಡವರು ಹೇಳಿದ ಮಾತನ್ನು, ಅಧಿಕಾರದ ಕುರ್ಚಿಯಲ್ಲಿ ಕುಳಿತವರು ತಳ್ಳಿಹಾಕುವುದು ಹೊಸದೇನೂ ಅಲ್ಲ.

ರಬ್ಬರನ್ನು ಕೊಲ್ಲುವುದು ಬಿಸಿಲು

ವೈಪರು ಮಳೆಯಲ್ಲಿ ಸವೆಯುತ್ತದೆಂದು ನಾವು ಭಾವಿಸಿದ್ದೆವು. ಅದು ತಪ್ಪು. ಚೆನ್ನೈಯಲ್ಲಿ ಅದನ್ನು ಹೆಚ್ಚಾಗಿ ಕೊಲ್ಲುವುದು ಬಿಸಿಲು. ರಬ್ಬರು ಬಿಸಿಲಿನ ಅತಿನೇರಳೆ ಕಿರಣಗಳಿಗೂ ಗಾಳಿಯಲ್ಲಿರುವ ಓಝೋನಿಗೂ ಸಿಕ್ಕಿ, ಕ್ರಮೇಣ ಮೃದುತ್ವವನ್ನು ಕಳೆದುಕೊಂಡು ಗಡುಸಾಗುತ್ತದೆ. ಬಳಿಕ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಬೀದಿಯ ಬದಿಯಲ್ಲಿ ನಿಂತ ಕಾರಿನ ವೈಪರು ಕಾದ ಗಾಜಿನ ಮೇಲೆ ಒಂದೇ ಕಡೆಗೆ ಬಾಗಿ ಮಲಗಿರುತ್ತದೆ. ರೋಗ ಬೇಸಗೆಯಲ್ಲಿ ಅಂಟಿ, ಮಳೆಗಾಲದಲ್ಲಿ ಬಯಲಾಗುತ್ತದೆ.

ಹೋಟೆಲಿನಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ನೆಲ ತೊಳೆದ ಮೇಲೆ ನೀರನ್ನು ತಳ್ಳುವ ಉದ್ದ ಹಿಡಿಕೆಯ ರಬ್ಬರು ವೈಪರು ಹೊಸದಿದ್ದಾಗ ಒಂದೇ ಎಳೆತಕ್ಕೆ ನೆಲ ಒಣಗುತ್ತದೆ. ಅಂಚು ಗಡುಸಾದ ಮೇಲೆ ಎಷ್ಟು ಎಳೆದರೂ ನೀರಿನ ಗೆರೆ ಉಳಿಯುತ್ತದೆ. ಕಾರಿನದೂ ಹಾಗೆಯೇ. ಅದರ ರಬ್ಬರಿನ ತೆಳುವಾದ ತುಟಿ ಒಂದು ಕಡೆಗೆ ಹೋಗುವಾಗ ಹಿಂದಕ್ಕೆ ಬಾಗಿ, ಮರಳುವಾಗ ಮಗುಚಿಕೊಳ್ಳಬೇಕು. ಗಡುಸಾದ ತುಟಿ ಮಗುಚದೆ, ಕಟಕಟನೆ ಹಾರಿಕೊಂಡು ಹೋಗಿ ಗೆರೆಗಳನ್ನು ಬಿಡುತ್ತದೆ.

ನಮ್ಮ ಜನರ ಕಾರುಗಳಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಚೆನ್ನೈಯಲ್ಲಿ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಸುರಿಯುತ್ತದೆ. 2015ರ ಮತ್ತು 2023ರ ಡಿಸೆಂಬರುಗಳ ನೆರೆಯನ್ನು ಯಾರೂ ಮರೆತಿರಲಾರರು. ಊರಿನ ಕಡೆಯ ಮಳೆಗಾಲವಾದರೋ ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಆಷಾಢ ಶ್ರಾವಣಗಳಲ್ಲಿ ಶಿರಾಡಿಯ ಘಟ್ಟ ಇಳಿದು ಊರಿಗೆ ಹೋಗಿ, ಐಪ್ಪಸಿಗೆ ಇಲ್ಲಿಗೆ ಮರಳುವ ನಮ್ಮವರ ವೈಪರಿಗೆ ವರ್ಷಕ್ಕೆ ಎರಡು ಮಳೆಗಾಲ, ನಡುವೆ ಒಂದು ಕುಲುಮೆ.

ಕೊಳ್ಳುವ ಮುನ್ನ

ಗೆರೆ ಬಿತ್ತೆಂದ ಮಾತ್ರಕ್ಕೆ ಹೊಸ ಬ್ಲೇಡು ಬೇಕೆಂದು ಅರ್ಥವಲ್ಲ. ಮೊದಲು ಗಾಜನ್ನೂ ರಬ್ಬರನ್ನೂ ಒರೆಸಿ ನೋಡತಕ್ಕದ್ದು. ಹೋಟೆಲಿನ ಹಿಂದೆ ನಿಲ್ಲುವ ಕಾರುಗಳ ಮೇಲೆ ಅಡುಗೆಮನೆಯ ಹೊಗೆಗೂಡಿನಿಂದ ಬರುವ ಎಣ್ಣೆಯ ಆವಿ ಪದರವಾಗಿ ಕೂರುತ್ತದೆ. ಆ ಜಿಡ್ಡಿನ ಮೇಲೆ ಎಷ್ಟು ಒಳ್ಳೆಯ ರಬ್ಬರು ಓಡಿದರೂ ಮಸುಕೇ ಗತಿ. ಪಾತ್ರೆ ತೊಳೆಯುವ ಸಾಬೂನಿನ ನೀರಿನಿಂದ ಗಾಜನ್ನು ತೊಳೆದು, ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಮೆಲ್ಲನೆ ಸವರಿ, ನಂತರ ಪರೀಕ್ಷಿಸಬೇಕು. ಆಗಲೂ ಗೆರೆ ಉಳಿದರೆ, ಅಥವಾ ಅಂಚಿನಲ್ಲಿ ಬಿರುಕು, ಸೀಳು ಕಂಡರೆ, ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ರಬ್ಬರು ಮೃದುವಾಗಲೆಂದು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಹಚ್ಚುವವರಿದ್ದಾರೆ. ಅದರಿಂದ ರಬ್ಬರು ಉಬ್ಬಿ ಕೆಡುತ್ತದೆ. ಗಾಜಿಗೂ ಜಿಡ್ಡು ಹತ್ತುತ್ತದೆ.

ಬ್ಲೇಡಿನ ಉದ್ದವನ್ನು ಟೇಪಿನಿಂದ ಅಳೆದುಕೊಳ್ಳಬೇಕು. ಹಿಂದಿನವು ಸಾಮಾನ್ಯವಾಗಿ 10ರಿಂದ 16 ಅಂಗುಲದೊಳಗೆ ಇರುತ್ತವೆ. ಉದ್ದ ಸರಿಯಿದ್ದರೆ ಸಾಲದು. ಕೈಕಡ್ಡಿಗೆ ಸೇರುವ ಕೊಂಡಿಯೂ ಹೊಂದಬೇಕು, ಮತ್ತು ಅದು ಕಾರಿನಿಂದ ಕಾರಿಗೆ ಬೇರೆಯಾಗಿರುತ್ತದೆ. ಆದಕಾರಣ ಕಾರಿನ ಹೆಸರು, ತಯಾರಾದ ವರ್ಷ, ಸಾಧ್ಯವಾದರೆ ಹಳೆಯ ಬ್ಲೇಡು, ಇವನ್ನು ಅಂಗಡಿಗೆ ಒಯ್ಯುವುದು ಕ್ಷೇಮ. ಕೆಲವು ಬಗೆಗಳಲ್ಲಿ ಒಳಗಿನ ರಬ್ಬರಿನ ಪಟ್ಟಿಯೊಂದನ್ನೇ ಕೊಳ್ಳಬಹುದು. ಅದು ಇನ್ನೂ ಅಗ್ಗ. ಪುದುಪೇಟೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗಗಳು ಅಗ್ಗವಾಗಿ ದೊರೆಯುತ್ತವೆಂಬುದು ನಿಜವಾದರೂ, ರಬ್ಬರಿನ ವಿಷಯದಲ್ಲಿ ಹಳೆಯದನ್ನು ಕೊಳ್ಳುವುದು ಹಳಸಿದ ಹಿಟ್ಟನ್ನು ಕೊಂಡಂತೆ.

ಬದಲಿಸುವ ಕ್ರಮ

ಮೊದಲನೆಯದಾಗಿ, ಕಾರನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ, ಇಂಜಿನನ್ನು ಆರಿಸಿ, ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ನಾವು ಕೈಯಿಟ್ಟಿರುವಾಗ ಯಾರಾದರೂ ಅರಿಯದೆ ವೈಪರನ್ನು ಓಡಿಸಬಾರದಷ್ಟೆ.

ಎರಡನೆಯದಾಗಿ, ಕೈಕಡ್ಡಿಯನ್ನು ಗಾಜಿನಿಂದ ಮೆಲ್ಲನೆ ಎತ್ತಬೇಕು. ಕೆಲವು ಕಾರುಗಳಲ್ಲಿ ಅದು ನೆಟ್ಟಗೆ ನಿಲ್ಲುತ್ತದೆ. ಕೆಲವದರಲ್ಲಿ ಅರ್ಧದವರೆಗೆ ಮಾತ್ರ ಏಳುತ್ತದೆ. ಏಳದಿದ್ದಲ್ಲಿ ಬಲಪ್ರಯೋಗ ಕೂಡದು. ಎತ್ತಿದ ಕೂಡಲೇ ಅದರ ಕೆಳಗೆ ಗಾಜಿನ ಮೇಲೆ ನಾಲ್ಕು ಮಡಿಕೆಯ ಟವೆಲನ್ನು ಹಾಸಬೇಕು. ಇದನ್ನು ಯಾರೂ ಉಪೇಕ್ಷಿಸಬಾರದು. ಕೈಕಡ್ಡಿಯ ಬುಡದಲ್ಲಿ ಬಿಗಿಯಾದ ಸ್ಪ್ರಿಂಗಿದೆ. ಬ್ಲೇಡಿಲ್ಲದ ಬರಿಯ ಕಡ್ಡಿ ಕೈಜಾರಿ ಗಾಜಿಗೆ ಬಡಿದರೆ ಅನಾಹುತವಾಗಬಹುದು. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯಿಟ್ಟು ಮಾಡಿದ್ದು, ಒಡೆದರೂ ಚದರುವುದಿಲ್ಲ. ಹಿಂದಿನ ಗಾಜು ಸಾಮಾನ್ಯವಾಗಿ ಕಾಯಿಸಿ ಹದಗೊಳಿಸಿದ ಒಂಟಿ ಗಾಜು. ಒಡೆದರೆ ಕಲ್ಲುಸಕ್ಕರೆಯ ಚೂರುಗಳಂತೆ ಪೂರ್ತಿ ಉದುರುತ್ತದೆ. ಮುನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿ ತೆತ್ತಂತಾದೀತು.

ಮೂರನೆಯದಾಗಿ, ಬ್ಲೇಡು ಕಡ್ಡಿಗೆ ಹೇಗೆ ಸೇರಿದೆಯೆಂಬುದನ್ನು ಚೆನ್ನಾಗಿ ನೋಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಡಬೇಕು. ಮರಳಿ ಜೋಡಿಸುವಾಗ ಅದು ಗುರುವಿನಂತೆ ದಾರಿ ತೋರಿಸುತ್ತದೆ. ಸಾಮಾನ್ಯವಾದ ಬಗೆಯಲ್ಲಿ ಒಂದು ಸಣ್ಣ ಅಡ್ಡ ಕಡ್ಡಿಯನ್ನು ಪ್ಲಾಸ್ಟಿಕ್ಕಿನ ಕೊಂಡಿ ಕಚ್ಚಿಕೊಂಡಿರುತ್ತದೆ. ಒಂದು ಕೈಯಲ್ಲಿ ಕೈಕಡ್ಡಿಯನ್ನು ಹಿಡಿದು, ಇನ್ನೊಂದರಿಂದ ಬ್ಲೇಡನ್ನು ಕಡ್ಡಿಗೆ ಅಡ್ಡವಾಗುವಂತೆ ಓರೆಯಾಗಿ ತಿರುಗಿಸಿದರೆ, ಟಕ್ಕೆಂಬ ಸದ್ದಿನೊಡನೆ ಹಿಡಿತ ಸಡಿಲುತ್ತದೆ, ಎಳೆದರೆ ಬರುತ್ತದೆ. ಬೇರೆ ಬಗೆಯಲ್ಲಿ ಉಗುರಿನಷ್ಟು ದೊಡ್ಡ ಗುಂಡಿಯೊಂದನ್ನು ಒತ್ತಿಕೊಂಡು ಜಾರಿಸಬೇಕಾಗುತ್ತದೆ. ಹಳೆಯ ಪ್ಲಾಸ್ಟಿಕ್ಕು ಬಿಸಿಲಿಗೆ ಬಿರುಸಾಗಿರುತ್ತದೆಯಾದ್ದರಿಂದ ಅವಸರ ಸಲ್ಲದು.

ನಾಲ್ಕನೆಯದಾಗಿ, ಹೊಸ ಬ್ಲೇಡನ್ನು ಅದೇ ಓರೆಯಲ್ಲಿ ಹಿಡಿದು ಕೊಂಡಿಗೆ ಸೇರಿಸಿ, ಟಕ್ಕೆನ್ನುವವರೆಗೆ ಒತ್ತಬೇಕು. ಬಳಿಕ ಮೆಲ್ಲನೆ ಜಗ್ಗಿ ನೋಡಬೇಕು. ಅಲುಗಾಡಿದರೂ ಕಳಚಬಾರದು. ರಬ್ಬರಿನ ಅಂಚಿನ ಮೇಲೆ ಪ್ಲಾಸ್ಟಿಕ್ಕಿನ ರಕ್ಷೆಯಿದ್ದರೆ ತೆಗೆದುಹಾಕಬೇಕು. ಅದನ್ನು ಮರೆತು ವೈಪರು ಕೆಟ್ಟದೆಂದು ಅಂಗಡಿಯವನೊಡನೆ ಜಗಳಕ್ಕೆ ಹೋದವರನ್ನು ನಾವು ಬಲ್ಲೆವು.

ಕೊನೆಯದಾಗಿ, ಟವೆಲನ್ನು ತೆಗೆದು, ಕೈಕಡ್ಡಿಯನ್ನು ಕೈಯಲ್ಲಿಯೇ ಹಿಡಿದುಕೊಂಡು ಗಾಜಿಗೆ ಇಳಿಸಬೇಕು, ಬಿಟ್ಟುಬಿಡಬಾರದು. ಗಾಜಿನ ಮೇಲೆ ನೀರು ಹಾಕಿ, ಆ ಮೇಲೆ ವೈಪರನ್ನು ಓಡಿಸಿ ನೋಡಬೇಕು. ಒಣ ಗಾಜಿನ ಮೇಲೆ ಹೊಸ ರಬ್ಬರನ್ನು ಓಡಿಸಿದರೆ ಅಂಚು ಕೆಡುವುದಲ್ಲದೆ, ಧೂಳಿನಿಂದ ಗಾಜಿಗೂ ಗೀರು ಬೀಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬ್ಲೇಡು ಗಾಜಿಗೆ ಒತ್ತಿ ಕೂರದಿದ್ದಲ್ಲಿ ಸ್ಪ್ರಿಂಗು ಸಡಿಲಿರಬಹುದು. ಮೋಟಾರು ತಿರುಗಿದರೂ ಕಡ್ಡಿ ಅಲುಗದಿದ್ದಲ್ಲಿ ಅದರ ಬುಡದ ಮುಚ್ಚಳದ ಕೆಳಗಿನ ನಟ್ಟು ಸಡಿಲಿರಬಹುದು. ಮೋಟಾರೇ ತಿರುಗದಿದ್ದಲ್ಲಿ ಮೊದಲು ಫ್ಯೂಜನ್ನು ನೋಡಬೇಕು. ಇಂತಹ ಸಂದರ್ಭಗಳಲ್ಲಿ ಕೆಲಸ ಬಲ್ಲವರ ಬಳಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಏನು ಕೆಟ್ಟಿದೆಯೆಂಬುದನ್ನು ತಿಳಿದು ಹೋದವನಿಗೆ ಮೋಸವಾಗುವುದು ಕಡಿಮೆ.

ಆಯುಧಪೂಜೆಯ ದಿನ

ಎಂದು ಬದಲಿಸಬೇಕೆಂಬ ಪ್ರಶ್ನೆಗೆ ನಮ್ಮ ಹಿರಿಯರೇ ಒಂದು ದಿನವನ್ನು ಗೊತ್ತುಮಾಡಿಟ್ಟಂತಿದೆ. ಬೇಸಗೆಯ ಬಿಸಿಲು ಮುಗಿದು, ಚೆನ್ನೈಯ ದೊಡ್ಡ ಮಳೆ ಇನ್ನೂ ಹಿಡಿಯದಿರುವ ಹೊತ್ತಿಗೆ ಆಯುಧಪೂಜೆ ಬರುತ್ತದೆ. ಅಂದು ಹೋಟೆಲಿನ ಗ್ರೈಂಡರಿಗೆ ಕುಂಕುಮವಿಡುತ್ತೇವೆ, ತಕ್ಕಡಿಗೆ ಹೂವೇರಿಸುತ್ತೇವೆ, ಕಾರನ್ನು ತೊಳೆದು ಚಕ್ರದಡಿಯಲ್ಲಿ ನಿಂಬೆಹಣ್ಣಿಡುತ್ತೇವೆ. ಗಂಧ ಹಚ್ಚುವ ಮುನ್ನ ಹಿಂದಿನ ವೈಪರಿನ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದರೆ ಆ ಪೂಜೆ ಪೂರ್ಣವಾದಂತೆ.

ವಾಹನ ನಡೆಸುವ ನಮ್ಮ ತಮ್ಮಂದಿರಿಗೆ ಹೇಳುವ ಮಾತು ಇಷ್ಟೆ: ಧಣಿಗಳಿಗೆ ಮೂರು ಸಲ ಹೇಳಿ ಸುಮ್ಮನಾಗಬೇಡಿ, ನಾಲ್ಕನೆಯ ಸಲವೂ ಹೇಳಿ. ಗಾಜು ಕಾಣದಿದ್ದರೆ, ಒಬ್ಬರು ಇಳಿದು ಹಿಂದೆ ನಿಂತು ದಾರಿ ತೋರಿಸುವವರೆಗೆ ಗಾಡಿಯನ್ನು ಹಿಮ್ಮುಖವಾಗಿ ತರಬೇಡಿ. ಗಲ್ಲದ ಮೇಲೆ ಕುಳಿತ ನಮ್ಮ ಮಿತ್ರರಿಗೂ ಒಂದು ಮಾತಿದೆ. ಹಿಂದಿನ ಗಲ್ಲಿಯಲ್ಲಿ ಓಡಾಡುವವರು ಗಿರಾಕಿಗಳಲ್ಲ. ಪಾತ್ರೆ ತೊಳೆಯುವವರು, ಹಾಲು ತರುವವರು, ಕಸ ಒಯ್ಯುವವರು. ಹಿಂದಿನ ಗಾಜು ಮಸುಕಾದರೆ ಕಾಣದೆ ಹೋಗುವವರು ಅವರೇ.

ಬೈಂದೂರಿನ ಆ ಹಿರಿಯರು ಕೆಲಸ ಬಿಟ್ಟು ಊರು ಸೇರಿ ಬಹಳ ಕಾಲವಾಯಿತು. ಹೊರಡುವ ದಿನ ಅವರ ಟ್ರಂಕನ್ನು ರೈಲು ನಿಲ್ದಾಣಕ್ಕೆ ಒಯ್ದದ್ದು ಅದೇ ಕಾರು, ನಡೆಸಿದ್ದು ಅದೇ ತರುಣ. ಗಲ್ಲಿಯಿಂದ ಹಿಮ್ಮುಖವಾಗಿ ಹೊರಬರುವಾಗ ನಾವೇ ಇಳಿದು, ಹಿಂದೆ ನಿಂತು, ಕೈ ತೋರಿಸಿದೆವು. ಮಳೆ ಇರಲಿಲ್ಲ, ಗಾಜು ಸ್ವಚ್ಛವಾಗಿಯೇ ಇತ್ತು.